ಲ್ಯಾಪ್‌ಟಾಪ್ ಉಳಿಸಿಕೊಟ್ಟ ಅಪರಿಚಿತರಿಗೆ ಧನ್ಯವಾದ

ವಿಜಯಪುರದ ಬಸ್ ನಿಲ್ದಾಣದಲ್ಲಿ ಬಾಗಲಕೋಟೆಯ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಲ್ಯಾಪ್‌ಟಾಪ್ ಸರಿಪಡಿಸಿಕೊಟ್ಟು, ಹೆಸರನ್ನೂ ಹೇಳದೆ ಹೊರಟ ಸಹೋದರರಿಗೆ ಹೃತ್ಪೂರ್ವಕ ಧನ್ಯವಾದಗಳು. ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೂ ಅರ್ಧದಷ್ಟೂ ಆಗದ ಸಿ ಡ್ರೈವ್, ತುಂಬಿದೆಯೆಂದು ಕೆಂಪು ಪಟ್ಟಿ ತೋರಿಸುತ್ತಿತ್ತು. ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡುವುದೊಂದೇ ದಾರಿಯೆಂದು ಅಂಗಡಿಯವರು ಹೇಳಿದ್ದರು. ತಾವು ಮೊದಲು ಚೆಕ್ ಡಿಸ್ಕ್ ಓಡಿಸಿ, ಡಿಸ್ಕ್‌ನಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಬಳಿಕ ವಿಂಡೋಸ್‌ನ ಸಿಸ್ಟಮ್ ಪ್ರೊಟೆಕ್ಷನ್ ಸೆಟ್ಟಿಂಗ್ ತೆರೆದು, ಫೋಲ್ಡರ್‌ಗಳ ಲೆಕ್ಕಕ್ಕೆ ಸಿಗದ ಹಳೆಯ ರಿಸ್ಟೋರ್ ಪಾಯಿಂಟ್‌ಗಳೇ (ತೊಂದರೆಯಾದರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಉಳಿಸಿಡುವ ದಾಖಲೆಗಳು) ಜಾಗ ನುಂಗಿರುವುದನ್ನು ತೋರಿಸಿದಿರಿ. ಅವುಗಳನ್ನು ಅಳಿಸಿ, ಹೊಸದೊಂದನ್ನು ರಚಿಸಿ, ಇವು ಬಳಸಬಹುದಾದ ಜಾಗದ ಮಿತಿಯನ್ನೂ ತಗ್ಗಿಸಿದಿರಿ. 512 ಜಿಬಿ ಡಿಸ್ಕ್ 476 ಎಂದು ಕಾಣುವುದು ದೋಷವಲ್ಲ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ ಎಣಿಸುವಾಗ ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ ಎಂಬುದನ್ನೂ ತಾಳ್ಮೆಯಿಂದ ತಿಳಿಸಿದಿರಿ. ಮಗಳ ಪ್ರಾಜೆಕ್ಟ್ ವರದಿ ಅದರಲ್ಲೇ ಇತ್ತು; ಒಂದು ಫೈಲೂ ಹಾಳಾಗಲಿಲ್ಲ.