ಹಿಲೊಗೆ ಹೊರಟವನ ಸೆಸ್ನಾ

ಚಿ. ಸುಹಾಸನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮೇಘಾಳಿಗೆ ಹವಾಯಿಯ ಹಿಲೊದಲ್ಲಿ ಕೆಲಸ ಸಿಕ್ಕಿತೆಂದು ಕೇಳಿ ಎಲ್ಲರಿಗೂ ಸಂತೋಷವಾಯಿತು. ಮನೆ, ಕಾರು, ಮಕ್ಕಳ ಶಾಲೆ ಎಲ್ಲ ನೀವೇ ನೋಡಿಕೊಳ್ಳುತ್ತೀರಿ. ನೀನು ಕೇಳಿದ್ದು ಲಿವರ್‌ಮೋರ್‌ನಲ್ಲಿ ನಿಂತಿರುವ ನಿನ್ನ ಸಣ್ಣ ವಿಮಾನದ ಬಗ್ಗೆ, 1978ರ ಸೆಸ್ನಾ 172ಎನ್: ಜೊತೆಗೆ ಒಯ್ಯಲೋ, ಮಾರಲೋ? ಸುತ್ತಿ ಬಳಸಿ ಹೇಳುವುದಿಲ್ಲ. ಮಾರು, ಅದೂ ಕ್ಯಾಲಿಫೋರ್ನಿಯಾದಲ್ಲಿ ಇರುವಾಗಲೇ ಮಾರು. ಕಾರಣಗಳನ್ನು ಬರೆದಿದ್ದೇನೆ. ಓದಿದ ಮೇಲೂ ಒಯ್ಯುವ ಮನಸ್ಸಾದರೆ ಹೇಗೆ ಒಯ್ಯಬೇಕು ಎಂಬುದೂ ಇದರಲ್ಲೇ ಇದೆ.

ಈಗ ತಿಂಗಳಿಗೆ ಎಷ್ಟು ಗಂಟೆ ಹಾರಿಸುತ್ತೀಯೋ ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಹಿಲೊಗೆ ಹೋದ ಎರಡನೆಯ ವರ್ಷ ಎಷ್ಟು ಹಾರಿಸುತ್ತೀಯ ಎಂದು ಯೋಚಿಸು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂರಕ್ಕೂ ಹೆಚ್ಚು ಸಾರ್ವಜನಿಕ ವಿಮಾನ ನಿಲ್ದಾಣಗಳಿವೆ. ಶನಿವಾರ ಮಾಂಟೆರೆ, ಮುಂದಿನ ವಾರ ತಾಹೋ, ರಜೆ ಸಿಕ್ಕರೆ ಆರೆಗಾನ್. ಹವಾಯಿ ರಾಜ್ಯ ನಡೆಸುವುದು ಒಟ್ಟು 15 ನಿಲ್ದಾಣಗಳನ್ನು. ನಿಮ್ಮ ದ್ವೀಪದಲ್ಲಿರುವವು ಹಿಲೊ, ಕೋನಾ, ವೈಮೆಯಾ, ಉಪೋಲು, ಇಷ್ಟೇ. ಹಿಲೊದಿಂದ ಮಾವಿ ದ್ವೀಪದ ಕಹುಲುಯಿಗೆ 105 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.), ಹೊನೊಲುಲುಗೆ 188, ಆ ತುದಿಯ ಕೌವಾಯಿ ದ್ವೀಪದ ಲಿಹುಯೆಗೆ 275ರ ಆಸುಪಾಸು. ನಿನ್ನ ವಿಮಾನಕ್ಕೆ ಅದು ಎರಡೂವರೆ ಗಂಟೆಯ ದಾರಿ, ಅಲ್ಲಿಗೆ ಭೂಮಿ ಮುಗಿಯಿತು. ಮೊದಲ ವರ್ಷ ಜ್ವಾಲಾಮುಖಿ, ಜಲಪಾತ ಎಂದು ನೆಂಟರನ್ನೆಲ್ಲ ಸುತ್ತಿಸುತ್ತೀಯ. ಆಮೇಲೆ ಹಾರಾಟ ತಾನಾಗಿ ಇಳಿಯುತ್ತದೆ. ಅಲ್ಲಿಂದಲೇ ತೊಂದರೆ ಶುರು, ಯಾಕೆಂದರೆ ಹಾರಿ ಹಾಳಾದ 172ಗಳಿಗಿಂತ ನಿಂತು ಹಾಳಾದವೇ ಹೆಚ್ಚು.

ನಿಂತ ಇಂಜಿನ್ನಿನೊಳಗೆ ಆಗುವುದೇನು? ನಿನ್ನದರಲ್ಲಿರುವಂಥ ಲೈಕಮಿಂಗ್ ಕಂಪನಿಯ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯಿಸುವ ದಂಡ) ಇರುವುದು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ಓಡುವಾಗ ಎರಚುವ ಎಣ್ಣೆಯಿಂದ ಅದು ತೊಯ್ದಿರುತ್ತದೆ. ನಿಲ್ಲಿಸಿದ ಮೇಲೆ ಎಣ್ಣೆ ನಿಧಾನವಾಗಿ ಕೆಳಗಿಳಿದು ಲೋಬ್‌ಗಳು, ಅಂದರೆ ಆ ದಂಡದ ಮೇಲಿನ ಉಬ್ಬುಗಳು, ಬರಿದಾಗುತ್ತವೆ. ಉಪ್ಪು ತೇವದ ಗಾಳಿಯಲ್ಲಿ ಅವುಗಳ ಮೇಲೆ ಸೂಜಿಮೊನೆಯಷ್ಟು ತುಕ್ಕು ಕೂರುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಲೋಬ್‌ಗೆ ಒತ್ತಿ ನಿಂತ ಟ್ಯಾಪೆಟ್ ಆ ತುಕ್ಕನ್ನು ಉಜ್ಜಿ ಅಲ್ಲೊಂದು ಗುಳಿ ಉಳಿಯುತ್ತದೆ. ಗುಳಿಯ ಅಂಚು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೆಲವು ತಿಂಗಳ ನಂತರ ಎಣ್ಣೆಯ ಫಿಲ್ಟರ್ ಕತ್ತರಿಸಿ ಬಿಡಿಸಿದರೆ ಉಕ್ಕಿನ ಚೂರು. ಇಂಜಿನ್ ಬಿಚ್ಚದೆ ಬೇರೆ ದಾರಿ ಉಳಿಯುವುದಿಲ್ಲ.

ಇದನ್ನು ತಡೆಯಲು ಕಂಪನಿಯೇ ಹೇಳುವ ಅಳತೆ: 30 ದಿನಕ್ಕೆ ಒಮ್ಮೆಯಾದರೂ, ಎಣ್ಣೆಯ ಬಿಸಿ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಒಂದು ಗಂಟೆ ಎಡೆಬಿಡದೆ ಹಾರಬೇಕು. ಕಡಲತೀರದಲ್ಲಿ 30 ದಿನ ಜಾಸ್ತಿಯೇ ಆಯಿತು, ನನ್ನನ್ನು ಕೇಳಿದರೆ ವಾರಕ್ಕೊಮ್ಮೆ. ನಿಂತಲ್ಲೇ ಹತ್ತು ನಿಮಿಷ ಓಡಿಸಿ ಆಫ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಇಂಜಿನ್ನಿನ ಕವಚ, ಅಂದರೆ ಕ್ರ್ಯಾಂಕ್‌ಕೇಸ್ ಸೇರುತ್ತದೆ, ಅದು ಆವಿಯಾಗಿ ಹೋಗುವಷ್ಟು ಎಣ್ಣೆ ಕಾಯುವುದಿಲ್ಲ. ಅದಕ್ಕಿಂತ ಸುಮ್ಮನೆ ನಿಲ್ಲಿಸಿದರೇ ವಾಸಿ. ಎಣ್ಣೆ ಬದಲಾವಣೆಯೂ ಹಾಗೆಯೇ: 50 ಗಂಟೆ ಅಥವಾ 4 ತಿಂಗಳು, ಯಾವುದು ಮೊದಲೋ ಅದು. ನಿನ್ನದು ಓ-320-ಎಚ್2ಎಡಿ ಇಂಜಿನ್, ಕ್ಯಾಮ್ ಮತ್ತು ಟ್ಯಾಪೆಟ್ ಸವೆತಕ್ಕೆ ಹೆಸರು ಕೆಡಿಸಿಕೊಂಡದ್ದು. ಎಣ್ಣೆಗೆ ಎಲ್‌ಡಬ್ಲ್ಯೂ-16702 ಎಂಬ ಸವೆತ ತಡೆಯುವ ದ್ರವ ಸೇರಿಸುವುದು, ಇಲ್ಲವೇ ಅದು ಮೊದಲೇ ಬೆರೆತಿರುವ ಎಣ್ಣೆ ಹಾಕುವುದು ಕಡ್ಡಾಯವಾದದ್ದೇ ಅದರಿಂದ. ಒಂದು ಅನುಕೂಲ ಇದೆ: ಈ ಇಂಜಿನ್ನಿನಲ್ಲಿ ಕೇಸ್ ಬಿಡಿಸದೆಯೇ ಟ್ಯಾಪೆಟ್ ಹೊರತೆಗೆದು ಲೋಬ್ ನೋಡಬಹುದು. ಮಾರಿದರೂ ಇಟ್ಟುಕೊಂಡರೂ ಈ ತಿಂಗಳಲ್ಲೇ ಅದನ್ನೊಮ್ಮೆ ನೋಡಿಸು.

ಇನ್ನು ಮೈ. ಹಿಲೊದಲ್ಲಿ ವರ್ಷಕ್ಕೆ ಸುಮಾರು 3,200 ಮಿ.ಮೀ. ಮಳೆ. ಮಂಗಳೂರಿನವನಿಗೆ ಅದು ದೊಡ್ಡದೆನಿಸದು. ಆದರೆ ನಮ್ಮಲ್ಲಿ ಮಳೆ ನಾಲ್ಕು ತಿಂಗಳು ಹೊಯ್ದು ಆಮೇಲೆ ಒಣಗಲು ಬಿಡುತ್ತದೆ, ಅಲ್ಲಿ ಹನ್ನೆರಡು ತಿಂಗಳೂ ಇದ್ದದ್ದೇ. ಜೊತೆಗೆ ಈಶಾನ್ಯದಿಂದ ಬೀಸುವ ಟ್ರೇಡ್ ಗಾಳಿ ಕಡಲ ಉಪ್ಪನ್ನು ನೇರ ಹಿಲೊದ ಮೇಲೇ ತಂದು ಸುರಿಯುತ್ತದೆ. ಗಾಳಿ ತಿರುಗಿದ ದಿನ ಕಿಲವೇಯಾ ಜ್ವಾಲಾಮುಖಿಯ ಗಂಧಕದ ಹೊಗೆ. ತೇವ ಸೇರಿದರೆ ಅದು ಆಮ್ಲ.

172ರ ತಗಡು 2024 ಎಂಬ ಸಂಖ್ಯೆಯ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಎರಡೂ ಮಗ್ಗುಲಿಗೆ ಶುದ್ಧ ಅಲ್ಯೂಮಿನಿಯಮ್‌ನ ತೆಳು ಹೊದಿಕೆ ಇದೆ. ಕತ್ತರಿಸಿದ ಅಂಚಿನಲ್ಲಿ, ರಿವೆಟ್ ತೂತಿನಲ್ಲಿ ಆ ಹೊದಿಕೆ ಇಲ್ಲ. ತುಕ್ಕು ಹೊಗುವುದು ಅಲ್ಲಿಂದಲೇ. ಆ ಕಾಲದ ಬಹಳಷ್ಟು ಸೆಸ್ನಾಗಳಿಗೆ ಒಳಗಡೆ ಪ್ರೈಮರ್ ಹೊಡೆದಿರಲಿಲ್ಲ. ನೀರ ಮೇಲಿಳಿಯುವ ವಿಮಾನಕ್ಕೆಂದು ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಒಳಮೈಗೂ ಬಣ್ಣ. ನಿನ್ನದು ಯಾವ ಬಗೆ ಎಂದು ರೆಕ್ಕೆಯ ತಪಾಸಣೆ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡು: ಹಸಿರು ಅಥವಾ ಹಳದಿ ಲೇಪ ಕಂಡರೆ ಪುಣ್ಯ, ಬರೀ ಬೆಳ್ಳಿ ಬಣ್ಣ ಕಂಡರೆ ಒಯ್ಯುವ ಯೋಚನೆಯನ್ನೇ ಬಿಡು. ನೋಡಬೇಕಾದ ಬೇರೆ ಜಾಗಗಳು ಫ್ಲ್ಯಾಪ್, ಏಲೆರಾನ್‌ಗಳ (ರೆಕ್ಕೆಯ ಹಿಂದಿನಂಚಿನ ಅಲುಗಾಡುವ ಹಲಗೆಗಳು) ಕೀಲು, ಸೀಟಿನ ಹಳಿ, ಬ್ಯಾಟರಿ ಪೆಟ್ಟಿಗೆಯ ಕೆಳಗೆ, ರೆಕ್ಕೆಯ ಆನಿಕೆ ಕಂಬ ಬಂದು ಕೂಡುವ ಬಾಗಿಲ ಬುಡ, ನೆಲಹಾಸಿನಡಿ ನೀರು ಕುಡಿದು ಕೂರುವ ಸ್ಪಂಜು. ಬಿಳಿ ಪುಡಿ ಕಂಡರೆ ಶುರುವಾಗಿದೆ ಎಂದರ್ಥ. ತಗಡು ಪುಸ್ತಕದ ಹಾಳೆಗಳಂತೆ ಪದರ ಬಿಟ್ಟು ಉಬ್ಬಿದ್ದರೆ ತಿಕ್ಕಿ ಸರಿಮಾಡುವ ಹಂತ ದಾಟಿದೆ, ಆ ಭಾಗವನ್ನೇ ಬದಲಿಸಬೇಕು.

ಎಸಿಎಫ್-50 ಅಥವಾ ಕರೋಷನ್-ಎಕ್ಸ್ ಎಂಬ ತುಕ್ಕು ತಡೆಯುವ ಎಣ್ಣೆ ಹೊಡೆದರೆ ಸಾಕು ಎನ್ನುವವರಿದ್ದಾರೆ. ಸಾಕಾಗುವುದಿಲ್ಲ, ಆದರೆ ಬೇಕೇ ಬೇಕು. ಮಂಜಿನಂತೆ ಸಿಂಪಡಿಸುವ ನಳಿಕೆಯನ್ನು ತಪಾಸಣೆ ತೂತುಗಳಿಂದ ತೂರಿಸಿ, ರೆಕ್ಕೆ, ಬಾಲ, ಕ್ಯಾಬಿನ್ ತಳಕ್ಕೆಲ್ಲ ವರ್ಷಕ್ಕೊಮ್ಮೆ ಹೊಡೆಸಬೇಕು. ಬ್ರೇಕ್ ಡಿಸ್ಕಿಗೆ ತಾಗಕೂಡದು. ಆಮೇಲೆ ವಾರಗಟ್ಟಲೆ ಸಂದುಗಳಿಂದ ಎಣ್ಣೆ ಒಸರುತ್ತದೆ, ಗಾಬರಿ ಬೇಡ, ಒಸರುತ್ತಿದೆ ಎಂದರೆ ಸಂದಿನೊಳಗೆ ಇಳಿದಿದೆ ಎಂದೇ. ಹಾರಿಸಿ ಬಂದಾಗಲೆಲ್ಲ ಸಿಹಿನೀರಿನಲ್ಲಿ ತೊಳೆ. ಪ್ರೆಷರ್ ಪಂಪ್ ಬೇಡ, ಅದು ಉಪ್ಪನ್ನು ಸಂದಿಯೊಳಕ್ಕೂ ನೀರನ್ನು ಬೇರಿಂಗ್ ಒಳಕ್ಕೂ ತಳ್ಳುತ್ತದೆ. ಇಷ್ಟೆಲ್ಲ ಮಾಡಿಯೂ ಬಯಲಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ವಿಮಾನ ಸೋಲುತ್ತದೆ. ಹ್ಯಾಂಗರ್ (ವಿಮಾನದ ಶೆಡ್) ಬೇಕು. ಅಲ್ಲಿ ಹ್ಯಾಂಗರ್‌ಗೆ ಸರದಿ ಕಾಯಬೇಕು. "ಸಿಗುತ್ತದೆ ಬಿಡಿ" ಎಂಬ ಬಾಯಿಮಾತನ್ನು ನಂಬಬೇಡ, ಕರಾರು ಕಾಗದ ಕೈಗೆ ಬರುವವರೆಗೆ ಹ್ಯಾಂಗರ್ ಇಲ್ಲವೆಂದೇ ತಿಳಿ.

ಒಯ್ಯುವುದಾದರೆ ದಾರಿ ಎರಡು. ಹಾರಿಸಿ ಒಯ್ಯುವುದಕ್ಕೆ ಸುಮಾರು 2,000 ನಾಟಿಕಲ್ ಮೈಲಿ ನೀರು, ನಡುವೆ ಇಳಿಯಲು ಒಂದು ಬಂಡೆಯೂ ಇಲ್ಲ. 110 ನಾಟ್‌ಗೆ, ಅಂದರೆ ಗಂಟೆಗೆ 110 ನಾಟಿಕಲ್ ಮೈಲಿ ವೇಗಕ್ಕೆ, 18 ಗಂಟೆ ದಾಟುತ್ತದೆ. ಗಂಟೆಗೆ 8.5 ಗ್ಯಾಲನ್ ಹಿಡಿದರೆ 155 ಗ್ಯಾಲನ್, ಎದುರುಗಾಳಿ ಮತ್ತು ಮೀಸಲು ಸೇರಿ 190. ನಿನ್ನ ಟ್ಯಾಂಕ್‌ಗಳಲ್ಲಿ ಬಳಕೆಗೆ ಸಿಗುವುದು 40. ಉಳಿದ 150ಕ್ಕೆ ಸೀಟು ಕಿತ್ತು ಕ್ಯಾಬಿನ್ನಿನಲ್ಲಿ ಫೆರಿ ಟ್ಯಾಂಕ್ (ಈ ಒಂದು ದಾರಿಗಾಗಿ ತಾತ್ಕಾಲಿಕ ಇಂಧನ ಟ್ಯಾಂಕ್) ಕೂರಿಸಬೇಕು, ಅದೇ 900 ಪೌಂಡ್. 2,300 ಪೌಂಡ್ ಮಿತಿಯ ವಿಮಾನ 2,750 ದಾಟಿ ಮೇಲೇಳಬೇಕು. ಇದಕ್ಕೆ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎಯ ವಿಶೇಷ ಹಾರಾಟದ ಪರವಾನಗಿ ಬೇಕು. ಎಣ್ಣೆಯದೂ ಒಂದು ಲೆಕ್ಕ ಇದೆ: ಇಂಜಿನ್ ತಳದ ಎಣ್ಣೆ ತೊಟ್ಟಿಯಲ್ಲಿ 6 ಕ್ವಾರ್ಟ್ (ಕ್ವಾರ್ಟ್ ಎಂದರೆ ಹತ್ತಿರ ಹತ್ತಿರ ಒಂದು ಲೀಟರ್), 4ಕ್ಕಿಂತ ಕೆಳಗೆ ಓಡಿಸಬಾರದು. ಎಂಟು ಗಂಟೆಗೊಂದು ಕ್ವಾರ್ಟ್ ಕುಡಿಯುವ ಇಂಜಿನ್ ಹಿಲೊ ಮುಟ್ಟುವ ಮೊದಲೇ ಆ ಗೆರೆ ದಾಟುತ್ತದೆ. ಕೈಕೊಡುವುದು ಹೆಚ್ಚಾಗಿ ಇಂಜಿನ್ ಅಲ್ಲ, ತಾತ್ಕಾಲಿಕ ಟ್ಯಾಂಕಿನ ಕೊಳವೆ, ಕವಾಟ. 2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಮಾವಿಗೆ ಹೊರಟ ಸಿರಸ್ ಎಸ್‌ಆರ್22 ಎಂಬ ಒಂದು ಸಣ್ಣ ವಿಮಾನಕ್ಕೆ ಹಾಗೇ ಆಯಿತು. ಹೆಚ್ಚುವರಿ ಟ್ಯಾಂಕಿನ ಇಂಧನ ಇಂಜಿನ್ನಿಗೆ ಬರಲಿಲ್ಲ. ಮಾವಿಗೆ ಇನ್ನೂ 250 ಮೈಲಿಯಷ್ಟಿರುವಾಗ ವಿಮಾನದ ಪ್ಯಾರಾಶೂಟ್ ಬಿಚ್ಚಿ ನೀರಿಗಿಳಿದ ಪೈಲಟ್‌ನನ್ನು ಹತ್ತಿರದ ಪ್ರವಾಸಿ ಹಡಗು ಎತ್ತಿಕೊಂಡಿತು. ನಿನ್ನ 172ಗೆ ಪ್ಯಾರಾಶೂಟ್ ಇಲ್ಲ. ಈ ದಾರಿಯನ್ನು ಅದೇ ಕಸುಬಿನ ಫೆರಿ ಪೈಲಟ್‌ಗಳಿಗೆ ಬಿಡು. ನೀನೇ ಹಾರಿಸುವ ಮಾತೆತ್ತಿದರೆ ನಿನ್ನ ಅಮ್ಮನಿಗೆ ಹೇಳುತ್ತೇನೆ.

ಎರಡನೆಯದು ಹಡಗು. ಓಕ್‌ಲ್ಯಾಂಡ್‌ನಿಂದ 40 ಅಡಿಯ ಕಂಟೇನರ್‌ನಲ್ಲಿ ಹೋಗುತ್ತದೆ. ಕಂಟೇನರ್ ಒಳಗಲ 7 ಅಡಿ 8 ಅಂಗುಲ, ನಿನ್ನ ಹಿಂಚಕ್ರಗಳ ನಡುವಿನ ಅಂತರವೇ 8 ಅಡಿಯ ಮೇಲೆ, ಅಡ್ಡ ಬಾಲ 11 ಅಡಿಗಿಂತ ಹೆಚ್ಚು. ಹಾಗಾಗಿ ರೆಕ್ಕೆಯ ಜೊತೆ ಅಡ್ಡ ಬಾಲ, ಚಕ್ರದ ಕಾಲು ಎಲ್ಲ ಬಿಚ್ಚಿ, ಒಡಲನ್ನು ಮರದ ತೊಟ್ಟಿಲಲ್ಲಿ ಕೂರಿಸಬೇಕು. ಎತ್ತರಕ್ಕೆ ಹೈ-ಕ್ಯೂಬ್ (ಮಾಮೂಲಿಗಿಂತ ಎತ್ತರದ) ಕಂಟೇನರೇ ಬೇಕು, ಆಗಲೂ ನೆಟ್ಟ ಬಾಲವನ್ನು ಅಳೆದು ನೋಡದೆ ಒಳಗೆ ತಳ್ಳಬೇಡ. ಇಂಧನ ಪೂರ್ತಿ ಬಸಿ, ಬ್ಯಾಟರಿ ಕಳಚು. ಕೆಡುವುದು ಸಣ್ಣ ವಿಷಯಗಳಲ್ಲಿ: ಬೆಲ್ಟ್ ಬಿಗಿದು ಫ್ಲ್ಯಾಪ್ ತಗಡು ತಗ್ಗಾಗುತ್ತದೆ, ಬೋಲ್ಟ್‌ಗಳು ಒಂದೇ ಡಬ್ಬಿಯಲ್ಲಿ ಬೆರೆಯುತ್ತವೆ. ರೆಕ್ಕೆಯ ಹಿಂದಿನ ಬೋಲ್ಟಿಗೆ ಎಕ್ಸೆಂಟ್ರಿಕ್ ಬುಷ್ (ತಿರುಗಿಸಿ ರೆಕ್ಕೆಯ ಕೋನ ಹೊಂದಿಸುವ ಬಳೆ) ಇರುತ್ತದೆ, ಬಿಚ್ಚುವ ಮೊದಲು ಅದು ನಿಂತ ಕೋನಕ್ಕೆ ಗೀರು ಹಾಕಿ ಫೋಟೋ ತೆಗೆ. ಇಲ್ಲವಾದರೆ ಜೋಡಿಸಿದ ಮೇಲೆ ವಿಮಾನ ಒಂದು ಮಗ್ಗುಲಿಗೆ ವಾಲುತ್ತಲೇ ಇರುತ್ತದೆ. ಆ ಕಡೆ ಜೋಡಿಸುವ ಮೆಕ್ಯಾನಿಕ್, ಕೇಬಲ್ ಬಿಗಿತ, ದಿಕ್ಸೂಚಿ ತಿದ್ದುವುದು, ಲಾಗ್‌ಬುಕ್ ಸಹಿ ಎಲ್ಲ ಸೇರಿಸಿ ಖರ್ಚು ಕೇಳು. ಮುಂದೆ ಅಲ್ಲಿ ಮಾರಲು ಹೋದರೆ ಕೊಳ್ಳುವವರು ಬೆರಳೆಣಿಕೆ. ಇತ್ತ ಮುಖ್ಯಭೂಮಿಯವನು ಹವಾಯಿಯ ವಿಮಾನ ಎಂದ ಕೂಡಲೇ ತುಕ್ಕಿನ ಲೆಕ್ಕ ಹಾಕುತ್ತಾನೆ, ಮೇಲೆ ಮತ್ತೊಮ್ಮೆ ಕಂಟೇನರ್ ಬಾಡಿಗೆ.

ಹಣದ ಲೆಕ್ಕವನ್ನು ನೀನೇ ಹಾಕು, ಕ್ರಮ ಹೇಳುತ್ತೇನೆ. ಹಾರಲಿ ಬಿಡಲಿ ಆಗುವ ವರ್ಷದ ಖರ್ಚನ್ನು (ಹ್ಯಾಂಗರ್, ವಿಮೆ, ವಾರ್ಷಿಕ ತಪಾಸಣೆ, ತುಕ್ಕಿನ ಸಿಂಪರಣೆ) ಒಟ್ಟು ಮಾಡು. ಬಾಡಿಗೆ ವಿಮಾನದ ಗಂಟೆಯ ದರದಿಂದ ನಿನ್ನದರ ಗಂಟೆಯ ಖರ್ಚು ಕಳೆ, ಆ ಉಳಿಕೆಯಿಂದ ಮೊದಲಿನ ಮೊತ್ತವನ್ನು ಭಾಗಿಸು. ಉದಾಹರಣೆಗೆ 9,000 ಡಾಲರ್ ಸ್ಥಿರ ಖರ್ಚು, ಬಾಡಿಗೆ 200, ನಿನ್ನದು 110 ಎಂದಿಟ್ಟರೆ ವರ್ಷಕ್ಕೆ 100 ಗಂಟೆ. ಅಷ್ಟು ಹಾರಿಸಿದರೆ ಮಾತ್ರ ಸ್ವಂತದ್ದು ಸರಿಸಮ. ನಿಜ ದರಗಳನ್ನು ಅಲ್ಲಿಯೇ ವಿಚಾರಿಸು, ದ್ವೀಪದಲ್ಲಿ ಎಲ್ಲವೂ ದುಬಾರಿ. ವಿಮಾನದ ಪೆಟ್ರೋಲ್ ಎಲ್ಲ ನಿಲ್ದಾಣದಲ್ಲೂ ಸಿಗುವುದಿಲ್ಲ: ಮಾವಿಯ ಹಾನಾದಲ್ಲಿ, ನಿಮ್ಮ ಉಪೋಲುವಿನಲ್ಲಿ ಇಲ್ಲ.

ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಕಡಲ ಮೇಲಿನ ಹಾರಾಟ ನಿನಗೆ ಹೊಸದು. ಇಂಜಿನ್ ನಿಂತರೆ 172 ಸಾವಿರ ಅಡಿ ಇಳಿಯುವಷ್ಟರಲ್ಲಿ ಗಾಳಿಯಲ್ಲಿ ತೇಲಿ ಸುಮಾರು ಒಂದೂವರೆ ನಾಟಿಕಲ್ ಮೈಲಿ ಮುಂದೆ ಸಾಗುತ್ತದೆ. ನಿಮ್ಮ ದ್ವೀಪಕ್ಕೂ ಮಾವಿಗೂ ನಡುವಿನ ಅಲೆನುಯಿಹಾಹಾ ಕಾಲುವೆ ಸುಮಾರು 26 ನಾಟಿಕಲ್ ಮೈಲಿ ಅಗಲ. ನಡುಮಧ್ಯೆ ನಿಂತರೆ 13 ಮೈಲಿ ತೇಲಲು ಗಾಳಿಯಿಲ್ಲದ ದಿನವೂ 8,700 ಅಡಿ ಎತ್ತರ ಬೇಕು. ಗಾಳಿಯಿಲ್ಲದ ದಿನ ಅಲ್ಲಿ ಅಪರೂಪ. ಎರಡು ಎತ್ತರದ ಬೆಟ್ಟಗಳ ನಡುವೆ ಸಿಕ್ಕಿ ಟ್ರೇಡ್ ಗಾಳಿ ಆ ಕಾಲುವೆಯಲ್ಲಿ ಇನ್ನಷ್ಟು ರಭಸವಾಗುತ್ತದೆ. ಕೌವಾಯಿ ಕಾಲುವೆ 60 ಮೈಲಿ ದಾಟುತ್ತದೆ, ಅಲ್ಲಿ ಎಷ್ಟು ಮೇಲೇರಿದರೂ ನಡುಭಾಗದಲ್ಲಿ ದಡ ಕೈಗೆಟುಕದು. ಲೈಫ್ ವೆಸ್ಟ್ ಸೀಟಿನ ಹಿಂದಲ್ಲ, ಮೈಮೇಲೆ ಇರಲಿ. ವಿಮಾನದಿಂದ ಹೊರಬಂದ ಮೇಲಷ್ಟೇ ಗಾಳಿ ತುಂಬಬೇಕು, ಒಳಗೇ ಉಬ್ಬಿಸಿದರೆ ನೀರು ಸೂರಿಗೆ ಒತ್ತಿ ಹಿಡಿಯುತ್ತದೆ. ನೀರಿಗೆ ತಾಗುವ ಮೊದಲು ಬಾಗಿಲ ಚಿಲಕ ತೆಗೆದಿರಬೇಕು, ಯಾಕೆಂದರೆ ಚಕ್ರ ಮಡಚದ ವಿಮಾನ ಮೂಗಿನ ಮೇಲೆ ಮಗುಚುವ ಸಂಭವ ಹೆಚ್ಚು. ನಿನ್ನ ವಿಮಾನದಲ್ಲಿರುವ ಹಳೆಯ 121.5 ಮೆಗಾಹರ್ಟ್ಸ್‌ನ ಇಎಲ್‌ಟಿಯನ್ನು (ಅಪಘಾತವಾದಾಗ ರೇಡಿಯೋ ಸಂಕೇತ ಕಳಿಸುವ ಪೆಟ್ಟಿಗೆಯನ್ನು) ಉಪಗ್ರಹಗಳು 2009ರ ಫೆಬ್ರವರಿಯಿಂದ ಕೇಳುತ್ತಿಲ್ಲ. 406 ಮೆಗಾಹರ್ಟ್ಸ್‌ನ ಕೈಬೀಕನ್ ಒಂದನ್ನು ನಿನ್ನ ಹೆಸರಲ್ಲಿ ನೋಂದಾಯಿಸಿ ಜೇಬಿನಲ್ಲಿಟ್ಟುಕೋ. ಹಿಲೊದಲ್ಲಿ ಬೆಳಿಗ್ಗೆ ಬೇಗ ಹೊರಡು, ಮಧ್ಯಾಹ್ನಕ್ಕೆ ಮೋಡ ಬೆಟ್ಟಕ್ಕೆ ಆತು ನಿಲ್ಲುತ್ತದೆ. ಮೌನಾ ಕೇಯಾ, ಮೌನಾ ಲೋವಾ ಬೆಟ್ಟಗಳ ನಡುವಿನ ಕಣಿವೆ ದಾರಿ ಕೋನಾಗೆ ಹತ್ತಿರ ನಿಜ, ಆದರೆ ನೆಲ 6,600 ಅಡಿಗೆ ಏರುತ್ತದೆ, ಮೇಲೆ ಸೇನೆಯ ನಿರ್ಬಂಧಿತ ವಲಯ. ಹೊಸಬನಿಗೆ ಕರಾವಳಿ ಸುತ್ತಿದ ದಾರಿಯೇ ಸರಿ.

ನನ್ನ ಸಲಹೆ ಹೀಗೆ. ವಾರ್ಷಿಕ ತಪಾಸಣೆ ಮುಗಿಸಿ, ಬೋರ್‌ಸ್ಕೋಪ್ ಚಿತ್ರ (ಸಿಲಿಂಡರಿನೊಳಗೆ ತೂರಿಸುವ ಕ್ಯಾಮೆರಾದ್ದು), ಕ್ಯಾಮ್ ಚಿತ್ರ, ಲಾಗ್‌ಬುಕ್ ಪ್ರತಿ ಜೋಡಿಸಿ ಲಿವರ್‌ಮೋರ್‌ನಲ್ಲೇ ಮಾರು. ಹೊರಡುವ ಮೊದಲು ಗಿರಾಕಿ ಸಿಗದಿದ್ದರೆ ಬೀಗ ಹಾಕಿ ಹೋಗಬೇಡ, ವಾರವಾರ ಹಾರಿಸುವ ಪಾಲುದಾರನೊಬ್ಬನ ಕೈಗೆ ಕೊಟ್ಟು, ವಿಮೆಗೆ ಅವನ ಹೆಸರು ಸೇರಿಸಿ ಹೋಗು. ಬಂದ ಹಣವನ್ನು ಬೇರೆ ಖಾತೆಯಲ್ಲಿಡು. ಅಲ್ಲಿ ಆರು ತಿಂಗಳು ಬಾಡಿಗೆಗೆ ಹಾರಿಸು, ದ್ವೀಪ ಬಲ್ಲ ಬೋಧಕನ ಜೊತೆ. ಆಮೇಲೂ ತಿಂಗಳಿಗೆ ಎಂಟು ಗಂಟೆ ಹಾರುತ್ತಿದ್ದರೆ, ಈಗಾಗಲೇ ಹ್ಯಾಂಗರ್‌ನಲ್ಲಿರುವ ಅಲ್ಲಿಯದೇ ವಿಮಾನದಲ್ಲಿ ಮೂರನೆಯ ಒಂದು ಪಾಲು ಕೊಳ್ಳು. ಮೂವರು ಹಾರಿಸಿದರೆ ಇಂಜಿನ್ ಒಣಗಿ ಕೂರುವುದಿಲ್ಲ. ಕೊಳ್ಳುವ ಮೊದಲು ತಪಾಸಣೆಯ ಚಿತ್ರಗಳನ್ನು ನನಗೆ ಕಳುಹಿಸು.

ಮಕ್ಕಳಿಗೆ ಮುದ್ದು. ಮೇಘಾಳಿಗೆ ಚಿಕ್ಕಮ್ಮ ಬೇರೆ ಬರೆಯುತ್ತಾಳಂತೆ.

ಇಂತಿ,
ನಿನ್ನ ಚಿಕ್ಕಪ್ಪ

ಮರೆತಿದ್ದೆ: ವಿಳಾಸ ಬದಲಾದ 30 ದಿನದೊಳಗೆ ಎಫ್‌ಎಎಗೆ ತಿಳಿಸು. ಆ ಗಡುವು ದಾಟಿದರೆ ತಿಳಿಸುವವರೆಗೆ ನಿನ್ನ ಪೈಲಟ್ ಸರ್ಟಿಫಿಕೇಟ್ ಮೇಲೆ ಹಾರಿಸುವಂತಿಲ್ಲ, ಬಾಡಿಗೆ ವಿಮಾನವನ್ನೂ. ಮಾರಿದ ದಿನವೇ ನೋಂದಣಿ ಪತ್ರದ ಹಿಂಬದಿ ತುಂಬಿ ಸಹಿ ಹಾಕಿ ಓಕ್ಲಹೋಮಾ ಸಿಟಿಯ ಎಫ್‌ಎಎ ನೋಂದಣಿ ಕಚೇರಿಗೆ ಕಳುಹಿಸು. ಆ ಕೆಲಸವನ್ನು ಕೊಂಡವನಿಗೆ ಬಿಡಬೇಡ.