ಪ್ರತಿ ರಾತ್ರಿ ಹೋಗುತ್ತಿದ್ದ ವರದಿಯನ್ನು ನಿಲ್ಲಿಸುತ್ತಿದ್ದೇವೆ

ಮಾನ್ಯ ಗ್ರಾಹಕರೇ, ನಮಸ್ಕಾರ.

ನೀವು ಬಳಸುತ್ತಿರುವ ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ಫೆಬ್ರುವರಿ 1ರಿಂದ ಒಂದು ಬದಲಾವಣೆ ಆಗುತ್ತಿದೆ. ಇದುವರೆಗೆ ಅದು ಪ್ರತಿ ರಾತ್ರಿ ನಿಮ್ಮ ಅಂಗಡಿಯ ಕಂಪ್ಯೂಟರಿನಿಂದ ಒಂದು ಸಣ್ಣ ವರದಿಯನ್ನು ಕಳುಹಿಸುತ್ತಿತ್ತು. ಇನ್ನು ಮುಂದೆ, ಕೆಳಗೆ ಹೇಳಿರುವ ಲೈಸೆನ್ಸ್ ಪರಿಶೀಲನೆಯೊಂದನ್ನು ಬಿಟ್ಟರೆ, ನೀವಾಗಿಯೇ ಒಪ್ಪಿಗೆ ಕೊಡದೆ ಏನನ್ನೂ ಕಳುಹಿಸುವುದಿಲ್ಲ. ಅಂಥದೊಂದು ವರದಿ ಹೋಗುತ್ತಿತ್ತು ಎಂಬುದೇ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ಈ ಪತ್ರ ಬರೆಯಬೇಕಾಗಿ ಬಂದದ್ದೇ ಅದಕ್ಕಾಗಿ.

ದೀಪಾವಳಿ ಕಳೆದ ವಾರ ಬೀಜ ಮತ್ತು ಕೀಟನಾಶಕದ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಫೋನ್ ಮಾಡಿದರು. ಹಬ್ಬಕ್ಕೆ ಊರಿಗೆ ಬಂದಿದ್ದ ಅವರ ಮಗಳು, ಎಂಜಿನಿಯರಿಂಗ್ ಓದುತ್ತಿರುವವಳು, ರಾತ್ರಿ ಒಂಬತ್ತೂವರೆಗೆ ನಮ್ಮ ತಂತ್ರಾಂಶ ಹೊರಗೆ ಏನನ್ನೋ ಕಳುಹಿಸುವುದನ್ನು ಕಂಡುಹಿಡಿದಿದ್ದಳು. "ನನ್ನ ಗಲ್ಲಾಪೆಟ್ಟಿಗೆಯ ಲೆಕ್ಕ ನಿಮಗೆ ಯಾಕೆ?" ಎಂದು ಅವರು ಕೇಳಿದರು. ಗ್ರಾಹಕರ ಹೆಸರಾಗಲಿ, ಬಿಲ್ಲಿನ ಮೊತ್ತವಾಗಲಿ, ಸರಕಿನ ವಿವರವಾಗಲಿ ಹೋಗುವುದಿಲ್ಲ, ಹೋಗುವುದೆಲ್ಲ ಅನಾಮಧೇಯ ಮಾಹಿತಿ ಎಂದು ನಾವು ಬಾಯಿಪಾಠ ಒಪ್ಪಿಸಿದೆವು. ಅಂಗಡಿಯ ಹೆಸರಿನ ಬದಲು ಒಂದು ಗುರುತು ಸಂಖ್ಯೆ, ಪಿನ್ ಕೋಡ್, ಅಂಗಡಿಯ ಬಗೆ, ಆ ದಿನ ಆದ ಬಿಲ್ಲುಗಳ ಸಂಖ್ಯೆ, ಯಾವ ಮೆನು ಎಷ್ಟು ಸಲ ತೆರೆಯಿತು ಎಂಬುದು, ಅಷ್ಟೇ ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಊರಿನಲ್ಲಿ ಬೀಜದ ಅಂಗಡಿ ಇರುವುದು ಎರಡು. ಇನ್ನೊಂದರವರು ಈಗಲೂ ಕೈಯಲ್ಲೇ ಬಿಲ್ ಬರೆಯುತ್ತಾರೆ."

ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮರುದಿನ ಬೇರೆ ಕೆಲಸ ಬಿಟ್ಟು, ಇರುವ ಏಳು ಜನರೂ ಕೂತು ನಮ್ಮದೇ ದತ್ತಾಂಶವನ್ನು ಕಳ್ಳನ ಕಣ್ಣಿನಿಂದ ನೋಡಿದೆವು. ಪಿನ್ ಕೋಡ್ ಮತ್ತು ಅಂಗಡಿಯ ಬಗೆ ಎರಡನ್ನು ಜೋಡಿಸಿದರೆ ಹುಬ್ಬಳ್ಳಿ, ಬೆಂಗಳೂರಿನ ಕಿರಾಣಿ ಅಂಗಡಿ ಗುಂಪಿನಲ್ಲಿ ಕರಗಿಹೋಗುತ್ತದೆ. ಹೋಬಳಿಯ ಊರಿನ ಔಷಧ ಅಂಗಡಿ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಸರಿ, ಪಿನ್ ಕೋಡ್ ತೆಗೆದುಹಾಕೋಣ ಎಂದುಕೊಂಡೆವು. ಆಗ ಸಂತೆ ಅಡ್ಡ ಬಂತು. ದಿನದ ಬಿಲ್ಲುಗಳ ಸಂಖ್ಯೆಯನ್ನು ಸಾಲಾಗಿ ಇಟ್ಟರೆ ವಾರದಲ್ಲಿ ಒಂದು ದಿನ ಮಾತ್ರ ಗೆರೆ ಏರುತ್ತದೆ, ಅದು ಆ ಊರಿನ ಸಂತೆಯ ದಿನ. ಜಾತ್ರೆಯ ವಾರ ಇನ್ನೂ ಏರುತ್ತದೆ. ಯಾವ ಊರಿನಲ್ಲಿ ಯಾವ ವಾರ ಸಂತೆ, ಯಾವ ತಿಂಗಳು ಜಾತ್ರೆ ಎಂಬುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಸಹೋದ್ಯೋಗಿಯೊಬ್ಬರು ಹೀಗೆಯೇ ತಮ್ಮ ಸೋದರಮಾವನ ಹಾರ್ಡ್‌ವೇರ್ ಅಂಗಡಿಯನ್ನು ಹತ್ತು ನಿಮಿಷದಲ್ಲಿ ಹುಡುಕಿ ತೆಗೆದರು. ಕಳೆದ ಆಷಾಢದಲ್ಲಿ ಮಾವನ ವ್ಯಾಪಾರ ಎಷ್ಟು ಇಳಿದಿತ್ತು ಎಂಬುದೂ ಅವರಿಗೆ ಅದರಲ್ಲೇ ತಿಳಿಯಿತು. ನಾವು ಯಾರೂ ನಗಲಿಲ್ಲ.

ಇದು ನಾವು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1990ರ ದಶಕದಲ್ಲಿ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬುದು, ಪಿನ್ ಕೋಡ್ ಇವನ್ನು ಹಾಗೆಯೇ ಬಿಟ್ಟು ಸಂಶೋಧಕರಿಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರಿಗೆ ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು ಎರಡನ್ನೂ ಹೋಲಿಸಿ ನೋಡಿದರು. ಅಲ್ಲಿನ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ಗವರ್ನರರ ಪಿನ್ ಕೋಡಿನಲ್ಲಿ ಇದ್ದವರು ಅವರೊಬ್ಬರೇ. ಗವರ್ನರರ ಕಾಯಿಲೆಯ ಕಾಗದ ಹೊರಗೆ ಬಂತು. ಇಷ್ಟು ಹಳೆಯ ಕಥೆ ಗೊತ್ತಿದ್ದೂ ನಮ್ಮ ಅಂಗಡಿಗಳಿಗೆ ಅದನ್ನು ಅನ್ವಯಿಸಿ ನೋಡದೆ ಹೋದದ್ದು ನಮ್ಮ ಸೋಮಾರಿತನ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ತಂತ್ರಾಂಶ ಅರ್ಧಕ್ಕೆ ನಿಂತುಹೋದಾಗ ತಾನಾಗಿ ಬರುತ್ತಿದ್ದ ದೋಷ ವರದಿಯಲ್ಲಿ, ಯಾವ ಕಡತ ತೆರೆಯುವಾಗ ಹಾಗಾಯಿತು, ಅದು ಕಂಪ್ಯೂಟರಿನಲ್ಲಿ ಎಲ್ಲಿದೆ ಎಂದು ತೋರಿಸುವ ದಾರಿಯೂ ಇರುತ್ತಿತ್ತು. ವಿಂಡೋಸಿನಲ್ಲಿ ಆ ದಾರಿಯ ನಡುವೆ ಎಷ್ಟೋ ಸಲ ಕಂಪ್ಯೂಟರಿಗೆ ಲಾಗಿನ್ ಆದವರ ಹೆಸರು ಬರುತ್ತದೆ. ಅನಾಮಧೇಯ ಎಂದು ನಾವು ಹೇಳಿಕೊಳ್ಳುತ್ತಿದ್ದ ವರದಿಗಳಲ್ಲಿ ಯಜಮಾನರ ಹೆಸರು, ಬ್ಯಾಕಪ್ ಕಡತಕ್ಕೆ ಇಟ್ಟ ಅಂಗಡಿಯ ಹೆಸರು ಎರಡೂ ಸಿಕ್ಕವು. ಜೊತೆಗೆ, ಈ ವರದಿಗಳನ್ನು ಕೂಡಿಸಿಡಲು ನಾವು ಹೊರಗಿನ ಒಂದು ಕಂಪನಿಯ ಸಿದ್ಧ ಸಲಕರಣೆಯನ್ನು ಬಳಸುತ್ತಿದ್ದೆವು. ಎಂದರೆ ಮಾಹಿತಿ ನಮ್ಮ ಕೈ ಸೇರುವ ಮೊದಲು ಅವರ ಸರ್ವರ್ ಮುಟ್ಟುತ್ತಿತ್ತು. ಅದನ್ನು ನಾವು ಯಾರಿಗೂ ಮಾರಿಲ್ಲ, ಯಾವ ಇಲಾಖೆಗೂ ಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇಳಿದು "ನಗದು ಮಾತ್ರ" ಎಂಬ ಚೀಟಿ ಏರಿದ್ದನ್ನು ನಾವೂ ನೋಡಿದ್ದೇವೆ. ಆದ್ದರಿಂದ ಮೇಲಿನ ಮಾತನ್ನು ಹೇಳಿಯೇ ಮುಂದೆ ಹೋಗಬೇಕು ಅನ್ನಿಸಿತು.

ಈಗ ಬದಲಾಗುವುದು ಇಷ್ಟು. ಅಪ್‌ಡೇಟ್ ಆದ ಕೂಡಲೇ ವರದಿ ಎಲ್ಲರಲ್ಲೂ ನಿಲ್ಲುತ್ತದೆ. ಮೊದಲು "ಒಪ್ಪಿದೆ" ಒತ್ತಿದವರಲ್ಲೂ ನಿಲ್ಲುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿದ್ದ ಆ ಉದ್ದನೆಯ ಪುಟವನ್ನು ಓದಿ ಒಪ್ಪಿದವರು ಯಾರೂ ಇರಲಾರರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ಇರಬೇಕು ಎನ್ನುತ್ತದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎಂದೂ ಹೇಳುತ್ತದೆ. ಅದರ ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾಗಿವೆ, ಹೆಚ್ಚಿನವು ಜಾರಿಗೆ ಬರಲು ಇನ್ನೂ ಸಮಯವಿದೆ. ನಾವು ಅಲ್ಲಿಯವರೆಗೆ ಕಾಯುವುದಿಲ್ಲ. ಮೊದಲ ಸಲ ತೆರೆದಾಗ ಕನ್ನಡದಲ್ಲಿ ಒಂದೇ ಪ್ರಶ್ನೆ ಬರುತ್ತದೆ, ಕೆಳಗೆ ಒಂದೇ ಅಳತೆಯ ಎರಡು ಗುಂಡಿಗಳು: "ಕಳುಹಿಸಿ", "ಬೇಡ". ಬೇಡ ಎಂದವರನ್ನು ಮತ್ತೆ ಕೇಳುವುದಿಲ್ಲ, ಅವರಿಗೆ ಯಾವ ಸೌಲಭ್ಯವೂ ಕಡಿಮೆಯಾಗುವುದಿಲ್ಲ.

ಕಳುಹಿಸಿ ಎಂದವರಿಂದಲೂ ಪಿನ್ ಕೋಡ್, ಅಂಗಡಿಯ ಬಗೆ, ಬಿಲ್ಲುಗಳ ಸಂಖ್ಯೆ ಯಾವುದೂ ಹೋಗುವುದಿಲ್ಲ. ಯಾವ ಮೆನು ಬಳಕೆಯಾಯಿತು ಎಂಬುದನ್ನು ತಿಂಗಳಿಗೊಮ್ಮೆ ಒಟ್ಟು ಮಾಡಿ, ನೇರವಾಗಿ ನಮ್ಮ ಸರ್ವರಿಗೆ ಕಳುಹಿಸುತ್ತದೆ. ಗುರುತು ಸಂಖ್ಯೆಯೂ ತಿಂಗಳಿಗೊಮ್ಮೆ ಬದಲಾಗುತ್ತದೆ. ಹೋಗುವ ಮೊದಲು ಪೂರ್ತಿ ವರದಿಯನ್ನು ತೆರೆಯ ಮೇಲೆ ಓದಬಹುದು. ದೋಷ ವರದಿಯನ್ನು ಹೆಸರು ಅಳಿಸಿ, ಪ್ರತಿ ಸಲ ನಿಮಗೆ ತೋರಿಸಿ, ನೀವು ಒಪ್ಪಿದರೆ ಮಾತ್ರ ಕಳುಹಿಸುತ್ತದೆ.

ಹಳೆಯ ದತ್ತಾಂಶವನ್ನು ಅಳಿಸಿದ್ದೇವೆ. ಬ್ಯಾಕಪ್ ಪ್ರತಿಗಳು 90 ದಿನಗಳಲ್ಲಿ ಹೋಗುತ್ತವೆ. ಹೊರಗಿನ ಕಂಪನಿಯೂ ಅಳಿಸಿರುವುದಾಗಿ ಬರೆದು ಕೊಟ್ಟಿದೆ. ಆ ಕಾಗದ ಬೇಕಾದವರಿಗೆ ಪ್ರತಿ ಕಳುಹಿಸುತ್ತೇವೆ. ತಂತ್ರಾಂಶದ ಲೈಸೆನ್ಸ್ ಪರಿಶೀಲನೆ ಮಾತ್ರ ತಿಂಗಳಿಗೊಮ್ಮೆ ಮೊದಲಿನಂತೆಯೇ ನಡೆಯುತ್ತದೆ. ಅದರಲ್ಲಿ ನಿಮ್ಮ ಲೈಸೆನ್ಸ್ ಸಂಖ್ಯೆ ಬರುತ್ತದೆ, ಅದು ಯಾರದೆಂದು ನಮಗೆ ಗೊತ್ತಾಗುತ್ತದೆ. ಅದನ್ನು ಅನಾಮಧೇಯ ಎಂದು ಕರೆಯುವ ಧೈರ್ಯ ನಮಗಿಲ್ಲ.

ಇದರಿಂದ ನಮಗೆ ನಷ್ಟವಿಲ್ಲವೆಂದಲ್ಲ. ಉದ್ರಿ ಖಾತೆಯ ಪುಟವನ್ನು ನೀವು ಉಳಿದೆಲ್ಲಕ್ಕಿಂತ ಹೆಚ್ಚಾಗಿ ತೆರೆಯುತ್ತೀರಿ ಎಂಬುದು ಆ ವರದಿಗಳಿಂದಲೇ ತಿಳಿದದ್ದು; ಅದಕ್ಕೆ ಕೀಬೋರ್ಡಿನ ಒಂದೇ ಕೀಲಿ ಕೊಟ್ಟದ್ದು ಆಮೇಲೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಎಷ್ಟು ಕಡೆ ಕಿರುಗುಟ್ಟುತ್ತಿದೆ ಎಂಬುದೂ ಹಾಗೆಯೇ ಗೊತ್ತಾಯಿತು, ಇಲ್ಲದಿದ್ದರೆ ಅದರ ಬೆಂಬಲವನ್ನು ಕಿತ್ತುಹಾಕಿಬಿಡುತ್ತಿದ್ದೆವು. ಇನ್ನು ಮುಂದೆ ಇಂಥದ್ದನ್ನು ನಿಮ್ಮನ್ನೇ ಕೇಳಿ ತಿಳಿಯಬೇಕು. ವರ್ಷಕ್ಕೆರಡು ಸಲ ನಮ್ಮವರು ಫೋನ್ ಮಾಡುತ್ತಾರೆ, ಗಿರಾಕಿ ಇರುವ ಹೊತ್ತಾದರೆ ದಯವಿಟ್ಟು ಆಮೇಲೆ ಮಾಡಿ ಎಂದು ಹೇಳಿಬಿಡಿ.

ಅಪ್‌ಡೇಟ್ ಮಾಡುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಫೆಬ್ರುವರಿಯಲ್ಲಿ ಆಗದಿದ್ದರೆ ಮಾರ್ಚ್ ಕೊನೆಯ ವಾರ ಮಾತ್ರ ಕೈ ಹಾಕಬೇಡಿ, ವರ್ಷದ ಲೆಕ್ಕ ಮುಗಿಸಿ ಏಪ್ರಿಲ್‌ನಲ್ಲಿ ಮಾಡಿ. ಅಲ್ಲಿಯವರೆಗೆ ಹಳೆಯ ಆವೃತ್ತಿ ವರದಿ ಕಳುಹಿಸಿದರೂ ನಮ್ಮ ಕಡೆ ಅದನ್ನು ತೆಗೆದುಕೊಳ್ಳುವ ಬಾಗಿಲನ್ನು ಮುಚ್ಚಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ ಕಚೇರಿಯ ಏಳು ಜನ