ಚಾರ್ಟಿನಲ್ಲಿ ಖಾಲಿ ಬಿಟ್ಟ ಜಾಗ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ನೈಟ್ ಡ್ಯೂಟಿಗೆ ಇಬ್ಬರೇ ಸಿಸ್ಟರ್, ವಾರ್ಡ್ ತುಂಬಾ ರೋಗಿಗಳು. ಪ್ರಜ್ಞೆ ಇಲ್ಲದ ಆ ಅಜ್ಜನಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು, ಎರಡು ಸಲ ಆಗಲೇ ಇಲ್ಲ. "ಸುಮ್ನೆ ಚಾರ್ಟ್ ತುಂಬಿಸು, ಯಾರು ನೋಡ್ತಾರೆ" ಅಂದರಂತೆ ಜೊತೆಗಿದ್ದವರು. ನೀನು ಖಾಲಿ ಬಿಟ್ಟೆ. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ವಹಿಸಿಕೊಡುವ ಹ್ಯಾಂಡೋವರ್‌ನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ ಬೈಸಿಕೊಂಡೆ.

ನಿನ್ನ ವಯಸ್ಸಿನಲ್ಲಿ ನಾನು ತುಂಬಿಸಿಬಿಟ್ಟಿದ್ದೆ ಕಣೇ. ಒಬ್ಬ ಬಾಣಂತಿಯ ಜ್ವರ ನೋಡದೆಯೇ 98.6 ಅಂತ ಬರೆದೆ. ಗಂಟೆ ಕಳೆಯುವುದರೊಳಗೆ ಅವಳ ಮೈ ಕೆಂಡ, ಹಲ್ಲು ಕಟಕಟ. ಬದುಕಿಕೊಂಡಳು, ದೇವರು ದೊಡ್ಡವನು. ನಾನು ಬರೆದ ಸುಳ್ಳು ಯಾರಿಗೂ ಗೊತ್ತಾಗಲಿಲ್ಲ. ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಧೈರ್ಯ ನಿನಗೆ ಬಂತು. ಅತ್ತುಬಿಟ್ಟೆ ಅಂತ ನೀನು ಗಟ್ಟಿಯಿಲ್ಲ ಅಂದುಕೊಳ್ಳಬೇಡ.

ಅರುಣಾ ಶಾನಭಾಗರ ವಿಷಯ ನಿನಗೆ ಗೊತ್ತಲ್ವಾ? ನಮ್ಮ ಹೊನ್ನಾವರದ ಹತ್ತಿರದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ದೌರ್ಜನ್ಯ ಮಾಡಿದ, ಸರಪಳಿಯಿಂದ ಕುತ್ತಿಗೆ ಬಿಗಿದ. ಆಮೇಲೆ ಅವರು ಹಾಸಿಗೆಯಿಂದ ಏಳಲೇ ಇಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಜಾಸ್ತಿ ಕಾಲ, ಅಲ್ಲಿನ ಸಿಸ್ಟರ್‌ಗಳೇ ತಿನ್ನಿಸಿದರು, ಒರೆಸಿದರು, ಮಗ್ಗುಲು ಬದಲಿಸಿದರು. ಒಂದು ತಲೆಮಾರು ರಿಟೈರ್ ಆಯಿತು, ಅವರನ್ನು ಆರೋಗ್ಯವಾಗಿ ನೋಡಿಯೇ ಇರದ ಹುಡುಗಿಯರು ಬಂದು ಮುಂದುವರಿಸಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡ ಅಂದವರೂ ಆ ಸಿಸ್ಟರ್‌ಗಳೇ. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಒಂದು ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಇರಲಿಲ್ಲ ಎಂಬುದು 2011ರ ಆ ತೀರ್ಪಿನಲ್ಲೇ ಬಂತು. ಥ್ಯಾಂಕ್ಸ್ ಹೇಳಲಾರದ, ದೂರು ಕೊಡಲಾರದ ಮೈ ಅದು. ನಿನ್ನ ವಾರ್ಡಿನ ಅಜ್ಜನದೂ ಹಾಗೇ ಅಲ್ವಾ?

ಬೈದರು ಅಂತ ಸುಮ್ಮನಾಗಬೇಡ. ಇಬ್ಬರಿಂದ ಆಗುವ ಕೆಲಸ ಅಲ್ಲ ಅಂತ ರಿಪೋರ್ಟ್ ಬುಕ್‌ನಲ್ಲಿ ಬರಿ, ತಾರೀಖು ಹಾಕಿ. ಊಟ ಬಿಡಬೇಡ. ಹಸಿದ ಹೊಟ್ಟೆಯಲ್ಲಿ ಕೈ ತಪ್ಪುತ್ತದೆ. ಅಳು ಬಂದರೆ ನನಗೆ ಫೋನ್ ಮಾಡು, ರಾತ್ರಿ ಎರಡಾದರೂ ಸರಿ.

ಇವತ್ತು ಡ್ಯೂಟಿಗೆ ಹೋದ ಕೂಡಲೇ ಅಜ್ಜನ ಹಿಮ್ಮಡಿ ನೋಡು. ಕೆಂಪಾಗಿದ್ದರೆ ಉಜ್ಜಬೇಡ. ಮೀನಖಂಡದ ಕೆಳಗೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡು. ಹೇಗಿದ್ದಾರೆ ಅಂತ ನನಗೂ ಹೇಳು.

ನಿನ್ನ ಅಮ್ಮ